ಹಸು ಕಟ್ಟಿದ ಮನೆಯ ಸಂಕ್ರಾಂತಿ: ಹಾಲು ಕೆಡದಂತೆ, ಹೊಟ್ಟೆ ಕೆಡದಂತೆ

ಬೆಂಗಳೂರಿನ ಸುತ್ತ ಆನೇಕಲ್, ಹೊಸಕೋಟೆ, ಹೆಸರಘಟ್ಟ, ದೊಡ್ಡಬಳ್ಳಾಪುರದ ಕಡೆ ಲೇಔಟುಗಳು ಕೊಟ್ಟಿಗೆಯ ಗೋಡೆಗೇ ಬಂದು ನಿಂತಿವೆ. ಆದರೂ ಎರಡು ನಾಲ್ಕು ಸೀಮೆಹಸು ಕಟ್ಟಿದ ಮನೆಗಳಿಗೆ ಕೊರತೆಯಿಲ್ಲ. ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಹಳ್ಳಿಕಾರ್ ಜೋಡಿಯೂ ಇದೆ. ದನಗಳದ್ದೇ ಅಂತ ಇರುವ ಹಬ್ಬ ಸಂಕ್ರಾಂತಿ. ಆದರೆ ಅವತ್ತು ನಾವು ಮಾಡುವ ಉಪಚಾರದಲ್ಲಿ ಅರ್ಧ ದನಕ್ಕೆ ಒಗ್ಗುವುದಿಲ್ಲ. ತಲೆಯ ಮೇಲೆ ತಣ್ಣೀರು, ಕೊಂಬಿಗೆ ಆಯಿಲ್ ಪೇಂಟ್, ಹೊಟ್ಟೆಗೆ ಪಾತ್ರೆಗಟ್ಟಲೆ ಪೊಂಗಲ್, ಸಂಜೆಗೆ ಕಿಚ್ಚು, ಅಂದರೆ ಬೆಂಕಿ ಹಾಯಿಸುವುದು. ಇದರಲ್ಲಿ ಯಾವುದನ್ನೂ ಪೂರ್ತಿ ಬಿಡಬೇಕಾಗಿಲ್ಲ. ಹೊತ್ತು ಮತ್ತು ಅಳತೆ ಸರಿಯಾಗಿರಬೇಕು, ಅಷ್ಟೆ.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ

ಪಂಚಾಂಗದಲ್ಲಿ ಪುಣ್ಯಕಾಲ ಯಾವಾಗಲಾದರೂ ಇರಲಿ, ಹಾಲು ಕರೆಯುವ ಹೊತ್ತನ್ನು ಮಾತ್ರ ಅಲ್ಲಾಡಿಸಬೇಡಿ. ದಿನಾ ಬೆಳಿಗ್ಗೆ ಐದಕ್ಕೆ, ಸಂಜೆ ನಾಲ್ಕೂವರೆಗೆ ಕರೆಯುವವರು ಹಬ್ಬದ ದಿನವೂ ಐದಕ್ಕೆ, ನಾಲ್ಕೂವರೆಗೇ ಕೂರಬೇಕು. ಎರಡು ಗಂಟೆ ತಡವಾದರೆ ಹೆಚ್ಚು ಹಾಲಿನ ಹಸುವಿನ ಕೆಚ್ಚಲು ಬಿಗಿದು ಸೋರಲು ಶುರುವಾಗುತ್ತದೆ. ಸೋರುವ ಮೊಲೆಯಿಂದಲೇ ಕೆಚ್ಚಲು ಬಾವು ರೋಗಕ್ಕೆ ದಾರಿ.

ಸಂಜೆಯ ಹಾಲನ್ನು ಕಿಚ್ಚಿಗೆ ಮುಂಚೆಯೇ ಕರೆದು ಮುಗಿಸಬೇಕು. ತಮಟೆ, ಪಟಾಕಿ, ಬೆಂಕಿಗೆ ಬೆದರಿದ ಹಸುವಿನ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಹಾಲಿಳಿಸುವ ಆಕ್ಸಿಟೋಸಿನ್ನಿನ ಕೆಲಸವನ್ನು ಅದು ತಡೆಯುತ್ತದೆ. ಆಮೇಲೆ ನೀವು ಎಷ್ಟು ಹೊತ್ತು ತಿಕ್ಕಿದರೂ ಹಾಲು ಮೇಲಕ್ಕೇ ಹಿಡಿದಿಟ್ಟುಕೊಳ್ಳುತ್ತದೆ. ಹಬ್ಬದ ದಿನ ಡೈರಿಯಲ್ಲಿ ಲೀಟರು ಕಮ್ಮಿ ಬಿದ್ದರೆ ದೃಷ್ಟಿ ತಗುಲಿದೆ ಎನ್ನುವವರು ಗಡಿಯಾರವನ್ನೊಮ್ಮೆ ನೋಡುವುದು ಒಳ್ಳೆಯದು. ಗವಿಪುರದ ಗವಿ ಗಂಗಾಧರೇಶ್ವರನ ಮೇಲೆ ಸೂರ್ಯನ ಕಿರಣ ಬೀಳುವುದೂ ಇದೇ ಸಂಜೆಯ ಹೊತ್ತಿಗೆ. ಹೋಗಲೇಬೇಕು ಅನ್ನುವವರು ಮನೆಯಲ್ಲಿ ಒಬ್ಬರನ್ನು ಕರೆಯಲು ಬಿಟ್ಟು ಹೋಗಿ. ಹಸುವಿಗೆ ಗುರುತಿರುವ ಕೈಯೇ ಆಗಿರಲಿ.

‘ಪೂಜೆ ಆಗದೆ ಹಾಲು ಹೊರಗೆ ಹೋಗಬಾರದು’ ಎಂದು ಅಜ್ಜಿ ಹಿಡಿದು ಕೂತರೆ ಜಗಳಕ್ಕೆ ಇಳಿಯಬೇಡಿ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಕೊಟ್ಟಿಗೆಯ ಗೂಡಿನಲ್ಲಿ ದೀಪ ಹಚ್ಚಿ ಕೈಮುಗಿದು ಕರೆಯಲು ಕೂತುಕೊಳ್ಳಿ, ಮಂಗಳಾರತಿ ಆಮೇಲಾಗಲಿ. ನೈವೇದ್ಯದ ಹಾಲನ್ನು ಡೈರಿ ಕ್ಯಾನಿಗೆ ಸುರಿಯುವ ಮುಂಚೆ ಬೇರೆ ಚೊಂಬಿಗೆ ತೆಗೆದಿಡಿ. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆ ದೇವರಿಗೂ ಬೇಡ, ಡೈರಿಗೂ ಬೇಡ. ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ಗರಣೆ ಇದೆಯೇ ನೋಡಿ ಚೆಲ್ಲಿಬಿಡಿ. ಆಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ಔಷಧಿಯ ಚೀಟಿಯಲ್ಲಿ ಹೇಳಿದಷ್ಟು ದಿನ ಬಳಸಬಾರದು. ಸಾಮಾನ್ಯವಾಗಿ ಅದು ಮೂರು ನಾಲ್ಕು ದಿನ. ಹಬ್ಬವೆಂದು ಅದಕ್ಕೆ ರಿಯಾಯಿತಿಯಿಲ್ಲ, ಪೊಂಗಲಿಗೂ ಹಾಕಬೇಡಿ.

ಹಿಂದಿನ ಎರಡು ಮೂರು ವಾರ

ಕಿಚ್ಚಿಗೆ ಊರಿನ ದನವೆಲ್ಲ ಒಂದೇ ಜಾಗಕ್ಕೆ ಸೇರುತ್ತವೆ. ಕಾಲುಬಾಯಿ ಜ್ವರಕ್ಕೆ ಇದಕ್ಕಿಂತ ಒಳ್ಳೆಯ ಸಂತೆ ಬೇಕಿಲ್ಲ. ಆರು ತಿಂಗಳಿಗೊಮ್ಮೆ ಹಾಕಿಸುವ ಲಸಿಕೆ ತಪ್ಪಿಹೋಗಿದ್ದರೆ ಡಿಸೆಂಬರ್ ಮುಗಿಯುವುದರೊಳಗೆ ಹಾಕಿಸಿ. ಕಸುವು ಬರಲು ಎರಡು ಮೂರು ವಾರ ಬೇಕು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಸಾಮಾನ್ಯವಾಗಿ ಸಂಕ್ರಾಂತಿಗೆ ಮುಂಚೆಯೇ ಬರುತ್ತದೆ. ಅಲ್ಲಿಂದ ಹೊಸ ಜೋಡಿ ತಂದಿದ್ದರೆ ಮೂರು ವಾರ ಬೇರೆ ಕಟ್ಟಿ, ನೀರಿನ ಬಕೆಟ್ಟೂ ಬೇರೆಯಿರಲಿ. ಊರಲ್ಲಿ ಯಾವ ದನಕ್ಕಾದರೂ ಜೊಲ್ಲು ಸುರಿಯುತ್ತಿದ್ದರೆ, ಗೊರಸಿನ ಸಂದಿಯಲ್ಲಿ ಹುಣ್ಣು ಕಂಡರೆ, ಮೈಮೇಲೆ ಗಂಟೆದ್ದಿದ್ದರೆ ಆ ವರ್ಷದ ಕಿಚ್ಚು ನಿಮ್ಮ ಮನೆಯ ಅಂಗಳದಲ್ಲೇ ಆಗಲಿ.

ಕೊಂಬಿನ ವಿಷಯ. ಹಳ್ಳಿಕಾರ್ ಎತ್ತಿನ ಕೊಂಬು ಹೆರೆಸುವವರು ಮೇಲಿನ ಒರಟು ಪದರ ಹೋದಮೇಲೆ ನಿಲ್ಲಿಸಬೇಕು. ಕೊಂಬಿನೊಳಗೆ ರಕ್ತ ಓಡುವ ಎಲುಬಿದೆ, ಅದರ ಟೊಳ್ಳು ಹಣೆಯ ಗೂಡಿಗೆ ಸೇರುತ್ತದೆ. ಆಳಕ್ಕೆ ಹೋದರೆ ಕೀವು ನೇರ ತಲೆಗೆ ಇಳಿದಂತೆ. ಬಣ್ಣಕ್ಕೆ ಜಾಜು, ಅರಿಶಿನ, ಸುಣ್ಣ ಸಾಕು. ಗೇಟಿಗೆ ಬಳಿದು ಮಿಕ್ಕಿದ ಹಳೆಯ ಡಬ್ಬಿಯನ್ನು ಮಾತ್ರ ಮುಟ್ಟಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಡಬ್ಬಿಯಲ್ಲಿ ಎಷ್ಟಿದೆಯೋ ಹೇಳಲಾಗದು. ದನಗಳು ಒಂದನ್ನೊಂದು ನೆಕ್ಕುತ್ತವೆ. ಸೀಸ ಹೊಟ್ಟೆಗೆ ಹೋದ ದನ ಕಣ್ಣು ಕಾಣದೆ ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ, ಉಳಿಸಿಕೊಳ್ಳುವುದು ಕಷ್ಟ. ಕರುವಿನಲ್ಲೇ ಕೊಂಬು ಸುಡಿಸಿದ ಸೀಮೆಹಸುವಿಗೆ ಈ ತಾಪತ್ರಯವೇ ಇಲ್ಲ, ಕೊರಳಿಗೊಂದು ಹಾರ ಹಾಕಿದರಾಯಿತು.

ಹಾರವನ್ನು ಬಾಳೆನಾರಿನಲ್ಲಿ ಕಟ್ಟಿಸಿ. ಮಾರುಕಟ್ಟೆಯ ಚೆಂಡುಹೂವಿನ ಹಾರದಲ್ಲಿ ನೈಲಾನ್ ದಾರ, ಜರಿ, ಒಮ್ಮೊಮ್ಮೆ ಸಣ್ಣ ತಂತಿಯೂ ಇರುತ್ತದೆ. ಪಕ್ಕದ ಹಸು ಅದನ್ನು ಎಳೆದು ನುಂಗುವುದಕ್ಕೆ ಒಂದು ನಿಮಿಷ ಸಾಕು. ತಂತಿ ಎರಡನೇ ಹೊಟ್ಟೆಯಲ್ಲಿ ಚುಚ್ಚಿಕೊಂಡು ಗುಂಡಿಗೆಯ ಕಡೆಗೆ ಸರಿಯುತ್ತದೆ. ಹೂವಿಗೆ ಔಷಧಿ ಹೊಡೆದಿರುವುದೂ ಉಂಟು. ಆರತಿ ಆದಕೂಡಲೇ ಹಾರ ತೆಗೆದು ಗೂಟಕ್ಕೆ ನೇತುಹಾಕಿ, ಗೋದಲಿಗೆ ಎಸೆಯಬೇಡಿ.

ಮೈ ತೊಳೆಯುವುದು

ಜನವರಿಯ ಬೆಂಗಳೂರಲ್ಲಿ ಬೆಳಗಿನ ಜಾವ ಚಳಿ ಚೆನ್ನಾಗಿಯೇ ಇರುತ್ತದೆ. ದನದ ಮೈ ತೊಳೆಯುವುದು ಬಿಸಿಲೇರಿದ ಮೇಲೆ, ಹತ್ತರಿಂದ ಹನ್ನೆರಡರೊಳಗೆ. ಬೆಳಿಗ್ಗೆ ಕರೆಯುವ ಮುಂಚೆ ಪೂರ್ತಿ ಮೈ ತೊಳೆದರೆ ಹೊಟ್ಟೆಯ ಕೊಳೆನೀರು ಮೊಲೆಯ ತುದಿಗೆ ಇಳಿದು ಹಾಲಿನ ಪಾತ್ರೆಗೆ ತೊಟ್ಟಿಕ್ಕುತ್ತದೆ. ಆಗ ಕೆಚ್ಚಲು ಮಾತ್ರ ತೊಳೆದು, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ತಿಂಗಳೊಳಗಿನ ಕರುವಿಗೆ ಸ್ನಾನ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕಿವಿಯ ಒಳಗೆ, ಬಾಲದ ಬುಡ, ತೊಡೆಸಂದಿ ತೊಳೆಯುವಾಗ ರಕ್ತ ಹೀರುವ ಉಣ್ಣೆ ಇದೆಯೇ ನೋಡಿಕೊಳ್ಳಿ. ಕಿಚ್ಚು ಹಾಯಿಸಿದರೆ ಉಣ್ಣೆ ಉದುರುತ್ತದೆ ಎನ್ನುವ ಮಾತಿದೆಯಲ್ಲ, ಎರಡು ಸೆಕೆಂಡಿನ ಬೆಂಕಿಗೆ ತೊಡೆಸಂದಿಯ ಉಣ್ಣೆ ಜಗ್ಗುವುದಿಲ್ಲ. ಅದಕ್ಕೆ ಔಷಧಿಯನ್ನೇ ಹಾಕಿಸಬೇಕು.

ಪೂಜೆ, ನೈವೇದ್ಯ

ಗೋಪೂಜೆಗೆ ಒಳ್ಳೆಯ ಹೊತ್ತು ಬೆಳಗಿನ ಹಾಲು ಕರೆದ ತಕ್ಷಣ. ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಅಷ್ಟು ಹೊತ್ತು ಹಸು ಮಲಗಬಾರದು. ಮೊಲೆಗೆ ಅಯೋಡಿನ್ ದ್ರಾವಣ ಅದ್ದಿ, ಹಸಿಮೇವು ಮುಂದಿಟ್ಟು ಪೂಜೆ ಶುರುಮಾಡಿದರೆ ಅದು ನಿಂತೇ ಇರುತ್ತದೆ. ಅರಿಶಿನ ಕುಂಕುಮ ಹಣೆಗೆ, ಬೆನ್ನಿಗೆ, ಬಾಲಕ್ಕೆ ಇಡಿ. ಕೆಚ್ಚಲಿಗೆ ಕುಂಕುಮ ಇಡುವ ಮನೆಯವರು ಮೊಲೆ ಬಿಟ್ಟು ಮೇಲುಭಾಗಕ್ಕೆ ಬರೀ ಅರಿಶಿನ ಮುಟ್ಟಿಸಿ. ಪೊಟ್ಟಣದ ಕುಂಕುಮಕ್ಕೆ ಚರ್ಮ ಉರಿಯುತ್ತದೆ, ಸಂಜೆಯ ಹಾಲಿಗೂ ಬಣ್ಣ ಬರುತ್ತದೆ. ಕರ್ಪೂರದ ತಟ್ಟೆಯನ್ನು ಮುಖದಿಂದ ಒಂದು ಮೊಳ ದೂರದಲ್ಲಿ ಬೆಳಗಿ. ಹಿಂದಿನಿಂದ ಪ್ರದಕ್ಷಿಣೆ ಬರುವ ಮಕ್ಕಳು ಒಂದು ಮಾರಾದರೂ ದೂರದಲ್ಲಿ ಸುತ್ತಲಿ. ಎಷ್ಟೇ ಸಾಧುವಾದರೂ ಹಸು ಪಕ್ಕಕ್ಕೆ ಒದೆಯುತ್ತದೆ.

ಎಡವಟ್ಟಾಗುವುದು ತಿನ್ನಿಸುವುದರಲ್ಲಿ. ಮೆಲುಕು ಹಾಕುವ ಹೊಟ್ಟೆ ನಾರು ಕರಗಿಸುವುದಕ್ಕೆ ಹದವಾಗಿರುತ್ತದೆ. ಬೇಯಿಸಿದ ಅಕ್ಕಿ, ಬೆಲ್ಲ, ರೊಟ್ಟಿ ಒಟ್ಟಿಗೆ ಬಿದ್ದರೆ ಅಲ್ಲಿರುವ ಸೂಕ್ಷ್ಮಜೀವಿಗಳ ಲೆಕ್ಕ ತಪ್ಪಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಹೊಟ್ಟೆ ಹುಳಿಯಾದ ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಅತಿಯಾದರೆ ಸಾಯುತ್ತದೆ. ಒಂದು ಹಸುವಿಗೆ ಇಡೀ ದಿನಕ್ಕೆ ಒಂದು ಹಿಡಿ ಪೊಂಗಲ್, ಎರಡು ಬಾಳೆಹಣ್ಣು, ನಿಂಬೆಹಣ್ಣಿನ ಗಾತ್ರದ ಬೆಲ್ಲ. ಅಲ್ಲಿಗೆ ನಿಲ್ಲಿಸಿ. ಕಬ್ಬಿನ ಸೋಗೆಯಾದರೆ ಮೇವಿನ ಜೊತೆ ಧಾರಾಳವಾಗಿ ಕೊಡಬಹುದು. ದಿನದ ಫೀಡ್, ಬೂಸಾ, ಹಿಂಡಿಯನ್ನು ಹಬ್ಬವೆಂದು ಹೆಚ್ಚಿಸಲೂಬೇಡಿ, ಪ್ರಸಾದ ತಿಂದಿದೆಯೆಂದು ಕಮ್ಮಿ ಮಾಡಲೂಬೇಡಿ.

ನಿಮ್ಮ ಕೈ ಹಿಡಿತದಲ್ಲಿದ್ದರೂ ಲೇಔಟಿನವರ ಕೈ ಇರುವುದಿಲ್ಲ. ಹಬ್ಬದ ದಿನ ಹತ್ತು ಮನೆಯವರು ಹತ್ತು ಡಬ್ಬಿಯಲ್ಲಿ ಪೊಂಗಲ್, ಒಬ್ಬಟ್ಟು ತಂದು ‘ಗೋಮಾತೆಗೆ’ ಎಂದು ಬಾಗಿಲಲ್ಲಿ ನಿಲ್ಲುತ್ತಾರೆ. ಬೇಡವೆಂದರೆ ಬೇಜಾರು. ಅದಕ್ಕೆ ಬಾಗಿಲ ಬಳಿ ನೇಪಿಯರ್ ಹುಲ್ಲು ಅಥವಾ ಜೋಳದ ಕಡ್ಡಿಯನ್ನು ಸಣ್ಣ ಕಂತೆ ಕಟ್ಟಿ ಇಟ್ಟಿರಿ. ಬಂದವರ ಕೈಗೆ ಒಂದೊಂದು ಕಂತೆ ಕೊಟ್ಟು ‘ಇದನ್ನ ತಿನ್ನಿಸಿ ಅಕ್ಕ, ಅನ್ನ ತಿಂದ್ರೆ ಹೊಟ್ಟೆ ಉಬ್ಬರಿಸುತ್ತೆ’ ಎಂದರೆ ಯಾರೂ ಬೇಜಾರಾಗುವುದಿಲ್ಲ. ತಂದ ಅಡುಗೆಯನ್ನು ನೀವು ತೆಗೆದುಕೊಳ್ಳಿ. ಪ್ಲಾಸ್ಟಿಕ್ ಕವರನ್ನು ಕೊಟ್ಟಿಗೆಯೊಳಗೆ ಬಿಡಲೇಬೇಡಿ.

ಇದು ಅವರೆಕಾಯಿಯ ಕಾಲವೂ ಹೌದು. ಹಿದಕವೇಳೆ ಸಾರಿಗೆ ಸುಲಿದ ಸಿಪ್ಪೆ ಬುಟ್ಟಿಗಟ್ಟಲೆ ಬೀಳುತ್ತದೆ, ದನಕ್ಕೂ ಅದೆಂದರೆ ಪ್ರಾಣ. ಒಂದು ಹಸುವಿಗೆ ಎರಡು ಮೂರು ಕಿಲೋ ದಾಟಬಾರದು, ಅದೂ ರಾಗಿಹುಲ್ಲು ತಿಂದಮೇಲೆ. ಹಸಿದ ಹೊಟ್ಟೆಗೆ ಹಸಿ ಸಿಪ್ಪೆ ಬಿದ್ದರೆ ನೊರೆ ಕಟ್ಟಿ ಉಬ್ಬರಿಸುತ್ತದೆ. ಎಳ್ಳುಬೆಲ್ಲಕ್ಕೆ ಕಡಲೆಕಾಯಿ ಬೀಜ ಆರಿಸುವಾಗ ಬೂಷ್ಟು ಹಿಡಿದದ್ದು ಸಿಕ್ಕರೆ ಅದನ್ನೂ ಹಸುವಿನ ಬಾನಿಗೆ ಹಾಕಬೇಡಿ. ಆ ಬೂಷ್ಟಿನ ಅಫ್ಲಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ.

ಕಿಚ್ಚು

ಯಾವ ದನ ಹಾಯಬೇಕು ಎನ್ನುವುದನ್ನು ಮಧ್ಯಾಹ್ನವೇ ತೀರ್ಮಾನಿಸಿ. ಓಡಾಟ ರೂಢಿಯಿರುವ ನಾಟಿ ಎತ್ತು, ಹೋರಿ ಸರಿ. ವರ್ಷವಿಡೀ ಕಟ್ಟಿದಲ್ಲೇ ನಿಂತ ಸೀಮೆಹಸು, ಏಳು ತಿಂಗಳು ದಾಟಿದ ಗಬ್ಬದ ಹಸು, ಹೊಸದಾಗಿ ಕರು ಹಾಕಿದ್ದು, ಕುಂಟುವುದು, ಕರುಗಳು ಬೇಡ. ತೂಗಾಡುವ ಕೆಚ್ಚಲಿಗೆ ಹಿಂಗಾಲಿನ ಗೊರಸು ತಾಗಿ ಮೊಲೆ ಸೀಳುತ್ತದೆ, ಗಬ್ಬದ್ದು ಜಾರಿದರೆ ಕಂದು ಹಾಕಬಹುದು. ಅವಕ್ಕೆ ಕಿಚ್ಚು ಆರಿದ ಮೇಲೆ ಬೂದಿಯನ್ನು ಹಣೆಗಿಟ್ಟು, ತಣ್ಣಗಾದ ಗೆರೆ ದಾಟಿಸಿದರೆ ಶಾಸ್ತ್ರ ಮುಗಿಯಿತು.

ಜಾಗ ಮಣ್ಣಿನದಾಗಿರಲಿ, ಟಾರು, ಕಾಂಕ್ರೀಟಿನ ಮೇಲೆ ಗೊರಸು ಜಾರುತ್ತದೆ. ಬಣವೆಯಿಂದ ನೂರು ಅಡಿಯಾದರೂ ದೂರ, ಗಾಳಿ ಬಣವೆಯ ಕಡೆಗೆ ಬೀಸದಂತೆ, ಮೇಲೆ ಕರೆಂಟು ತಂತಿಯಿಲ್ಲದ ಕಡೆ. ಭತ್ತದ ಹುಲ್ಲನ್ನು ಎಂಟು ಹತ್ತು ಅಡಿ ಉದ್ದಕ್ಕೆ, ಎರಡು ಅಡಿ ಅಗಲಕ್ಕೆ, ಗೇಣೆತ್ತರ ಹರಡಿ. ಭತ್ತದ ಹುಲ್ಲು ಭಗ್ಗನೆ ಹತ್ತಿ ಬೇಗ ಇಳಿಯುತ್ತದೆ. ರಾಗಿಹುಲ್ಲು ಮೇವಿಗಿರಲಿ. ಸೌದೆ, ಟೈರು, ಸೀಮೆಎಣ್ಣೆ, ಪೆಟ್ರೋಲ್ ಯಾವುದೂ ಬೇಡ: ಕೆಂಡ ಉಳಿದರೆ ಗೊರಸಿನ ಸಂದಿ ಸುಡುತ್ತದೆ, ಪೆಟ್ರೋಲಿನ ಬೆಂಕಿ ಹಚ್ಚಿದವರ ಕೈಗೇ ಬರುತ್ತದೆ.

ಹಾಯಿಸುವ ಮುಂಚೆ ಬಲೂನು, ಕಾಗದದ ಹಾರ, ಬೆನ್ನಿನ ಝೂಲು ಎಲ್ಲ ತೆಗೆದುಬಿಡಿ. ಗೆಜ್ಜೆ ಮಾತ್ರ ಇರಲಿ. ನೈಲಾನ್ ಹಗ್ಗ ಬೆಂಕಿಗೆ ಕರಗಿ ಚರ್ಮಕ್ಕೂ ಅಂಗೈಗೂ ಅಂಟುತ್ತದೆ; ಅವತ್ತಿಗೆ ನೂಲಿನ ಹಗ್ಗ, ಎಂಟು ಅಡಿಗೆ ಕಮ್ಮಿಯಿಲ್ಲದ್ದು. ಹಿಡಿಯುವವರಿಬ್ಬರೂ ದನದ ಎರಡು ಪಕ್ಕಕ್ಕಿರಲಿ, ಮುಂದೆ ಓಡುವವನನ್ನು ಎತ್ತು ತುಳಿದುಕೊಂಡೇ ಹೋಗುತ್ತದೆ. ಪಂಚೆ, ಲುಂಗಿ ಎತ್ತಿ ಕಟ್ಟಬೇಕು. ನಾಲ್ಕು ಬಕೆಟ್ ನೀರು, ಒಂದು ಒದ್ದೆ ಗೋಣಿಚೀಲ ಪಕ್ಕದಲ್ಲೇ ಇರಲಿ. ಬೆಂಕಿ ಹಚ್ಚಿದಾಗಲೇ ನುಗ್ಗಿಸಬೇಡಿ, ಉರಿ ದನದ ಮಂಡಿಗಿಂತ ಕೆಳಗಿಳಿಯಲಿ. ಒಂದು ದನ ದಾಟಿ ಇಪ್ಪತ್ತು ಅಡಿ ಹೋದಮೇಲೆ ಇನ್ನೊಂದು. ಮೊದಲ ಸಲವೇ ಹಿಂಜರಿದು ನಿಂತ ದನಕ್ಕೆ ಬಾಲ ತಿರುಚುವುದು, ಬಾರುಕೋಲಿನಿಂದ ಚುಚ್ಚುವುದು ಬೇಡ, ಪಕ್ಕದಿಂದ ಕರೆದುಕೊಂಡು ಹೋಗಿ. ಬಸವಣ್ಣ ಕೋಪ ಮಾಡಿಕೊಳ್ಳುವುದಿಲ್ಲ.

ದನಕ್ಕಾಗಲಿ ಮನುಷ್ಯರಿಗಾಗಲಿ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹೊಯ್ಯಿರಿ. ಇಂಕು, ಟೂತ್‌ಪೇಸ್ಟ್, ಸುಣ್ಣ ಬಳಿಯಬೇಡಿ.

ರಾತ್ರಿ ಒಂಬತ್ತರ ಸುತ್ತು

ಎಳ್ಳು ಬೀರಿ ಬಂದಮೇಲೆ, ಮಲಗುವ ಮುಂಚೆ ಟಾರ್ಚ್ ಹಿಡಿದು ಒಮ್ಮೆ ಕೊಟ್ಟಿಗೆ ಸುತ್ತಿ. ಎಲ್ಲವೂ ಮೆಲುಕು ಹಾಕುತ್ತಿವೆಯೇ ನೋಡಿ. ಎಡಗಡೆಯ ಪಕ್ಕೆಗುಳಿ ಉಬ್ಬಿ ತಮಟೆಯಂತೆ ಬಿಗಿದಿದ್ದರೆ ಅದು ಉಬ್ಬರ. ಹಸುವನ್ನು ಎಬ್ಬಿಸಿ, ಮುಂಗಾಲು ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಕಾಲು ಲೀಟರು ಕಡಲೆಕಾಯಿ ಎಣ್ಣೆ ನಿಧಾನವಾಗಿ ಕುಡಿಸಿ. ಕುಡಿಸುವಾಗ ನಾಲಿಗೆ ಎಳೆದು ಹಿಡಿಯಬಾರದು, ಮೂತಿಯನ್ನು ಆಕಾಶಕ್ಕೆ ಎತ್ತಬಾರದು. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಉಬ್ಬರಕ್ಕಿಂತ ಕೆಟ್ಟದ್ದು. ನೆಲ ಹಿಡಿದ ಹಸುವಿಗೆ ಏನನ್ನೂ ಕುಡಿಸಬೇಡಿ.

ಉಬ್ಬರವಿಲ್ಲದೆ ಮಂಕಾಗಿ ನಿಂತು ಹಲ್ಲು ಕಡಿಯುತ್ತಿದ್ದರೆ, ಸಗಣಿ ನೀರಾಗಿ ಹುಳಿ ವಾಸನೆ ಬಂದರೆ ಯಾರೋ ಕದ್ದು ಪೊಂಗಲ್ ತಿನ್ನಿಸಿದ್ದಾರೆ ಎಂದೇ ಲೆಕ್ಕ. ಫೀಡ್ ನಿಲ್ಲಿಸಿ, ಒಣಹುಲ್ಲು ಮಾತ್ರ ಹಾಕಿ, 1962ಕ್ಕೆ ಫೋನ್ ಮಾಡಿ ಪಶು ಸಂಜೀವಿನಿ ಗಾಡಿ (ದನಗಳ ಆಂಬುಲೆನ್ಸ್) ಕೇಳಿ ಅಥವಾ ನಿಮ್ಮ ವೈದ್ಯರನ್ನು ಕರೆಸಿ. ಎಷ್ಟು ಹೊತ್ತಿಗೆ, ಏನು, ಎಷ್ಟು ತಿಂದಿತ್ತು ಎನ್ನುವುದನ್ನು ಮನೆಯವರನ್ನೆಲ್ಲ ಕೇಳಿ ಇಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳುವುದು ಅದನ್ನೇ. ಮಕ್ಕಳನ್ನು ಬೈಯದೆ ಕೇಳಿ. ಬೈದರೆ ನಿಜ ಹೇಳುವುದಿಲ್ಲ.