ಪ್ಯಾಸೇಜಿಗೆ ಆಫ್‌ವೈಟ್: ಗೋಡೆಗೆ ಯಾವುದು, ಬಾಗಿಲಿಗೆ ಯಾವುದು?

ಮುಂಬಯಿ ಕಡೆಯ ಫ್ಲ್ಯಾಟುಗಳಲ್ಲಿ, ಡೊಂಬಿವಲಿಯಿರಲಿ, ದಹಿಸರ್ ಇರಲಿ, ಹಾಲ್‌ನಿಂದ ಬೆಡ್‌ರೂಮಿಗೆ ಹೋಗುವ ಪ್ಯಾಸೇಜಿಗೆ ಸಾಮಾನ್ಯವಾಗಿ ಕಿಟಕಿ ಇರುವುದಿಲ್ಲ. ಮೂರೂವರೆ ಅಡಿ ಅಗಲ, ಎದುರುಬದುರು ಮೂರು ನಾಲ್ಕು ಬಾಗಿಲು, ಹಗಲಲ್ಲೂ ದೀಪ. ಇಂಥ ಜಾಗಕ್ಕೆ ಅಂಗಡಿಯಲ್ಲಿ ನಿಂತು ಶೇಡ್ ಕಾರ್ಡಿನ ಮೇಲೆ ಬೆರಳಿಟ್ಟು ಬಣ್ಣ ಆರಿಸಿದರೆ ಎರಡರಲ್ಲಿ ಒಂದು ಎಡವಟ್ಟು ಖಂಡಿತ. ಗೋಡೆ ಮಂಕಾಗಿ ಬೂದುಬೂದಾಗಿ ಕಾಣುತ್ತದೆ, ಇಲ್ಲವೇ ಬಾಗಿಲ ಚೌಕಟ್ಟು ವರ್ಷದೊಳಗೆ ಹಳದಿಗೆ ತಿರುಗುತ್ತದೆ. ಬೈಗುಳ ತಿನ್ನುವವನು ಪೇಂಟರ್. ತಪ್ಪು ನಡೆದಿರುವುದು ಅವನು ಬ್ರಷ್ ಹಿಡಿಯುವುದಕ್ಕೂ ಮೊದಲು.

1. ಮೊದಲು ಬಲ್ಬು

ಬಣ್ಣ ಆರಿಸುವ ಮುನ್ನ ಅಲ್ಲಿ ಕಾಯಂ ಉರಿಯುವ ದೀಪ ಯಾವುದೆಂದು ತೀರ್ಮಾನಿಸಿ. ಬೆಳಕು ಹಳದಿಯೋ ನೀಲಿಯೋ ಎಂಬುದನ್ನು ಡಬ್ಬಿಯ ಮೇಲಿನ ಕೆಲ್ವಿನ್ ಅಂಕಿ ಹೇಳುತ್ತದೆ, ಅಂಕಿ ಹೆಚ್ಚಿದಷ್ಟೂ ನೀಲಿ. 6500 ಕೆಲ್ವಿನ್‌ನ ಕೂಲ್ ಡೇಲೈಟ್ ಟ್ಯೂಬಿನಡಿ ಬೂದು ಮಿಶ್ರಿತ ಆಫ್‌ವೈಟ್ ಆಸ್ಪತ್ರೆಯ ಗೋಡೆಯಂತಾಗುತ್ತದೆ. 3000 ಕೆಲ್ವಿನ್‌ನ ವಾರ್ಮ್ ವೈಟ್ ಅಡಿಯಲ್ಲಿ ಕ್ರೀಮ್ ಬಣ್ಣ ಪೂರ್ತಿ ಹಳದಿಯಾಗುತ್ತದೆ. ಪ್ಯಾಸೇಜಿಗೆ 4000 ಕೆಲ್ವಿನ್ ಹಾಕಿ, ಬೇರೆ ಯೋಚನೆ ಬೇಡ. ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ) 80ಕ್ಕಿಂತ ಕಡಿಮೆ ಇದ್ದರೆ ಆ ಬಲ್ಬು ಬಿಟ್ಟುಬಿಡಿ, ಅದರ ಬೆಳಕಲ್ಲಿ ಯಾವ ಬಣ್ಣವೂ ಸರಿಯಾಗಿ ಕಾಣುವುದಿಲ್ಲ.

2. ಬದಲಾಗದ್ದನ್ನು ಪಟ್ಟಿ ಮಾಡಿ

ನೆಲ, ಬಾತ್‌ರೂಮ್ ಬಾಗಿಲಿನ ಗ್ರಾನೈಟ್ ಅಥವಾ ಹಸಿರು ಮಾರ್ಬಲ್ ಚೌಕಟ್ಟು, ಪಾಲಿಶ್ ಮಾಡಿದ ಸಾಗುವಾನಿ ಬಾಗಿಲು. ನೆಲದ ಬಣ್ಣ ಗೋಡೆಯ ಕೆಳಗಿನ ಮೂರಡಿಗೆ ಪ್ರತಿಫಲಿಸುತ್ತದೆ. ಕೋಟಾ ಕಲ್ಲಿನ ನೆಲವಿದ್ದರೆ ಹಸಿರು ಛಾಯೆಯ ಆಫ್‌ವೈಟ್ ಬೇಡ, ಗೋಡೆ ರೋಗ ಹಿಡಿದಂತೆ ಕಾಣುತ್ತದೆ. ಕೆಂಪು ಪಾಲಿಶ್‌ನ ಬಾಗಿಲಿನ ಪಕ್ಕ ಗುಲಾಬಿ ಛಾಯೆಯದು ಬೇಡ.

3. ಒಳಗಿನ ಛಾಯೆ ಹಿಡಿಯುವುದು

ಯಾವ ಆಫ್‌ವೈಟೂ ಬರೀ ಬಿಳಿಯಲ್ಲ. ಬಿಳಿ ಮೂಲಬಣ್ಣಕ್ಕೆ ಹಳದಿ, ಕೆಂಪು, ಹಸಿರು ಅಥವಾ ಕಪ್ಪಿನ ಕೆಲವೇ ಹನಿ ಬಿದ್ದಿರುತ್ತದೆ. ಬಿಡಿ ತುಂಡಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಎರಡು ಉಪಾಯಗಳಿವೆ. ಕಾರ್ಡಿನಲ್ಲಿ ಅದೇ ಪಟ್ಟಿಯ ಅತಿ ಗಾಢ ಬಣ್ಣ ನೋಡಿ, ಅದು ಬಿಸ್ಕೆಟ್ ಬಣ್ಣವಾದರೆ ನಿಮ್ಮ ಆಫ್‌ವೈಟ್ ಹಳದಿ ಮನೆತನದ್ದು, ಪಾಚಿ ಬಣ್ಣವಾದರೆ ಹಸಿರಿನದ್ದು. ಇನ್ನೊಂದು, ನಾಲ್ಕೈದು ಆಫ್‌ವೈಟ್ ತುಂಡುಗಳನ್ನು ಒಂದು ಎ4 ಹಾಳೆಯ ಮೇಲೆ ಒತ್ತಾಗಿ ಜೋಡಿಸಿ. ಬಿಡಿಯಾಗಿ ಬಿಳಿ ಅನ್ನಿಸಿದ್ದು ಅಲ್ಲಿ ಗುಲಾಬಿಯೋ ಹಸಿರೋ ಎಂದು ಕೂಡಲೇ ತಿಳಿಯುತ್ತದೆ.

ಕಿಟಕಿಯಿಲ್ಲದ ಪ್ಯಾಸೇಜಿಗೆ ಅಪ್ಪಟ ಬಿಳಿ ಬಳಿದರೆ ಬೆಳಕು ಹೆಚ್ಚುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಬಿಳಿ ಮರಳಿಸಬೇಕಾದರೆ ಮೊದಲು ಬೆಳಕು ಬೀಳಬೇಕಲ್ಲ! ಬೆಳಕು ಸಾಲದ ಕಡೆ ಬಿಳಿ ಗೋಡೆಯ ಮೂಲೆಗಳು ಬೂದಾಗಿ ಕಾಣುತ್ತವೆ. ತುಸು ಹಳದಿ ಛಾಯೆಯಿರುವುದೇ ಇಲ್ಲಿ ಒಳ್ಳೆಯದು. ಆದರೆ ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು ತೆಗೆದುಕೊಳ್ಳಿ. ಇಕ್ಕಟ್ಟಿನ ಜಾಗದಲ್ಲಿ ಎದುರುಬದುರು ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದಕ್ಕೆ ಎರಚಿ, ಬಣ್ಣ ಅಂದುಕೊಂಡದ್ದಕ್ಕಿಂತ ಗಾಢವಾಗುತ್ತದೆ.

4. ಗೋಡೆಯ ಮೇಲಲ್ಲ, ರಟ್ಟಿನ ಮೇಲೆ

ಹಳೆ ಗೋಡೆಯ ಮೇಲೆ ಅಂಗೈಯಗಲ ಬಳಿದು ನೋಡುವುದು ವ್ಯರ್ಥ. ಸುತ್ತಲಿನ ಹಳೆ ಬಣ್ಣ ಕಣ್ಣನ್ನು ಮೋಸ ಮಾಡುತ್ತದೆ. ಪ್ರತಿ ಶೇಡಿಗೂ ಎ3 ಅಳತೆಯ ಎರಡು ದಪ್ಪ ಬಿಳಿ ರಟ್ಟು ತನ್ನಿ. ಅಂಚು ಬಿಡದೆ ಎರಡು ಕೋಟ್ ಬಳಿಯಿರಿ, ನಡುವೆ ನಾಲ್ಕು ಗಂಟೆ ಬಿಡಿ. ಬಿಳಿ ಅಂಚು ಉಳಿದರೆ ಎಂಥ ಆಫ್‌ವೈಟೂ ಅದರ ಪಕ್ಕ ಕೊಳಕಾಗಿ ಕಾಣುತ್ತದೆ. ಎಮಲ್ಷನ್, ಅಂದರೆ ಗೋಡೆಗೆ ಬಳಿಯುವ ನೀರು ಆಧಾರಿತ ಬಣ್ಣ, ಹಸಿಯಿದ್ದಾಗ ತಿಳಿಯಾಗಿದ್ದು ಒಣಗಿದ ಮೇಲೆ ಗಾಢವಾಗುವುದರಿಂದ, ಮರುದಿನವೇ ನೋಡಿ. ಒಂದು ರಟ್ಟನ್ನು ಕೆಳಗೆ ನೆಲಕ್ಕೆ ತಾಗಿಸಿ, ಇನ್ನೊಂದನ್ನು ಕಣ್ಣಿನ ಮಟ್ಟಕ್ಕೆ ಚೌಕಟ್ಟಿನ ಪಕ್ಕ ಅಂಟಿಸಿ. ಮೇಜಿನ ಮೇಲೆ ಮಲಗಿಸಿ ನೋಡಬೇಡಿ. ದೀಪ ಆರಿಸಿ ರೂಮಿನ ಬಾಗಿಲು ತೆರೆದಿಟ್ಟು ಮಧ್ಯಾಹ್ನ ಒಮ್ಮೆ, ದೀಪ ಹಾಕಿ ರಾತ್ರಿ ಒಮ್ಮೆ ನೋಡಿದರೆ ಸಾಕು.

5. ಬಾಗಿಲು, ಚೌಕಟ್ಟು

ಹೆಚ್ಚು ಕೆಡುವುದು ಇಲ್ಲಿ. ಬಿಳಿ ಆಯಿಲ್ ಪೇಂಟು, ಅಂದರೆ ಎಣ್ಣೆ ಆಧಾರಿತ ಎನಾಮಲ್, ಕತ್ತಲಲ್ಲಿ ಹಳದಿಯಾಗುತ್ತದೆ, ಬೆಳಕಿದ್ದರೆ ಕಡಿಮೆ. ಆಯಿಲ್ ಪೇಂಟಿನ ಬಿಳಿ ಬಾಗಿಲಿಗೆ ಬಹಳ ಕಾಲ ತೂಗಿದ ಕ್ಯಾಲೆಂಡರ್ ತೆಗೆದರೆ, ಅದರ ಹಿಂದೆ ಚೌಕಾಕಾರದ ಹಳದಿ ಅಚ್ಚು ಕಾಣುವುದು ಇದೇ ಕಾರಣಕ್ಕೆ. ಪ್ಯಾಸೇಜಂತೂ ಇಡೀ ಕತ್ತಲ ಜಾಗ. ಸಾಲದ್ದಕ್ಕೆ, ಹಸಿ ಎಮಲ್ಷನ್ ಬಿಡುವ ಅಮೋನಿಯಾ ಆವಿ ತಾಗಿದರೂ ಹೊಸ ಆಯಿಲ್ ಪೇಂಟ್ ಹಳದಿಯಾಗುತ್ತದೆ. ಗೋಡೆ, ಬಾಗಿಲು ಎರಡನ್ನೂ ಒಂದೇ ದಿನ ಮುಗಿಸುವ ಅವಸರದಲ್ಲಿ ಆಗುವ ಅನಾಹುತ ಇದು.

ಆದ್ದರಿಂದ ವಾಟರ್‌ಬೇಸ್ ಎನಾಮಲ್ ತನ್ನಿ. ಬೆಲೆ ಜಾಸ್ತಿ, ಆದರೂ ಅದನ್ನೇ ತನ್ನಿ. ಹಳೆ ಆಯಿಲ್ ಪೇಂಟಿನ ಮೇಲೆ ನೇರವಾಗಿ ಬಳಿದರೆ ಉಗುರಿಗೆ ಸಿಪ್ಪೆಯಂತೆ ಎದ್ದು ಬರುತ್ತದೆ. 220 ನಂಬರಿನ ಪಾಲಿಶ್ ಪೇಪರಿನಲ್ಲಿ ಹೊಳಪು ಪೂರ್ತಿ ಹೋಗುವಂತೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಪ್ರೈಮರ್ ಕೊಟ್ಟು ಬಳಿಯಬೇಕು. ಮುಟ್ಟಿದರೆ ಬೇಗ ಒಣಗಿದಂತಿದ್ದರೂ ಗಟ್ಟಿಯಾಗಲು ಎರಡು ವಾರ ಬೇಕು. ಅಲ್ಲಿಯತನಕ ಬಾಗಿಲನ್ನು ಒತ್ತಿ ಮುಚ್ಚಿದರೆ ಚೌಕಟ್ಟಿಗೆ ಅಂಟಿ ಬಣ್ಣ ಕಿತ್ತು ಬರುತ್ತದೆ.

ಶೇಡಿನ ವಿಷಯಕ್ಕೆ ಬಂದರೆ, ಗೋಡೆಯದೂ ಮರದ್ದೂ ಒಂದೇ ಛಾಯೆಯ ಮನೆತನದ್ದಾಗಿರಲಿ. ಒಂದೋ ಎರಡಕ್ಕೂ ಒಂದೇ ಶೇಡ್, ಗೋಡೆಗೆ ಸಾಫ್ಟ್ ಶೀನ್ (ನಸು ಹೊಳಪು), ಮರಕ್ಕೆ ಸ್ಯಾಟಿನ್ (ಮಧ್ಯಮ ಹೊಳಪು). ಇಲ್ಲವೇ ಮರ ಗೋಡೆಗಿಂತ ಕಾರ್ಡಿನಲ್ಲಿ ಎರಡು ಮೆಟ್ಟಿಲಾದರೂ ತಿಳಿಯಾಗಿರಲಿ. ಹೆಚ್ಚುಕಡಿಮೆ ಒಂದೇ ಥರ ಕಾಣುವ ಎರಡು ಬೇರೆ ಬಿಳಿಗಳನ್ನು ಅಕ್ಕಪಕ್ಕ ಇಟ್ಟರೆ, ಅದರಲ್ಲೊಂದು ತೊಳೆಯದ್ದರಂತೆ ಕಾಣುತ್ತದೆ. ಶೇಡಿನ ಕೋಡ್ ಒಂದೇ ಆದರೂ ಎಮಲ್ಷನ್ ಮತ್ತು ಎನಾಮಲ್ ಪೂರ್ತಿ ಹೊಂದುವುದಿಲ್ಲ, ಎರಡನ್ನೂ ಒಂದೇ ರಟ್ಟಿನ ಮೇಲೆ ಬಳಿದು ನೋಡಿ. ಪೂರ್ತಿ ಹೊಳಪಿನ ಗ್ಲಾಸಿ ಬೇಡವೇ ಬೇಡ. ಪ್ಯಾಸೇಜಿನಲ್ಲಿ ಓರೆಯಾಗಿ ಬೀಳುವ ಬೆಳಕಿಗೆ, ಮೇಲ್ಮೈ ಸಮ ಮಾಡಲು ಹಚ್ಚಿದ ಪುಟ್ಟಿಯ ಪ್ರತಿ ಏರಿಳಿತವೂ ಎದ್ದು ತೋರುತ್ತದೆ.

6. ಎಷ್ಟು ಬೇಕು

12 ಅಡಿ ಉದ್ದ, ಮೂರೂವರೆ ಅಡಿ ಅಗಲ, 9 ಅಡಿ ಎತ್ತರದ ಪ್ಯಾಸೇಜಿನ ಗೋಡೆ 279 ಚದರಡಿ. ನಾಲ್ಕು ಬಾಗಿಲಿಗೆ 84 ಕಳೆದರೆ ಉಳಿದದ್ದು 195. ಒಳ್ಳೆಯ ಎಮಲ್ಷನ್ ಎರಡು ಕೋಟ್ ಬಳಿದರೆ ಲೀಟರಿಗೆ 120ರಿಂದ 140 ಚದರಡಿ ಬರುತ್ತದೆ, ಅಂದರೆ ಒಂದೂಮುಕ್ಕಾಲು ಲೀಟರಿನೊಳಗೆ ಮುಗಿಯುತ್ತದೆ. ಒಂದೊಂದು ಲೀಟರಿನ ಎರಡು ಡಬ್ಬಿ ತಂದು, ಶುರು ಮಾಡುವ ಮುನ್ನವೇ ಒಂದೇ ಬಕೆಟಿಗೆ ಸುರಿದು ಕಲಸಿ. ಆಫ್‌ವೈಟಿಗೆ ಬೀಳುವ ಬಣ್ಣ ಕೆಲವೇ ಹನಿಯಾದ್ದರಿಂದ ಅಂಗಡಿಯ ಬಣ್ಣ ಬೆರೆಸುವ ಯಂತ್ರದಲ್ಲಿ ಅರ್ಧ ಹನಿ ಆಚೀಚೆಯಾದರೂ ಡಬ್ಬಿಯಿಂದ ಡಬ್ಬಿಗೆ ವ್ಯತ್ಯಾಸ ಬರುತ್ತದೆ. "ಬಿಳಿ ತನ್ನಿ, ಛಾಯೆ ಕೊಡುವ ಸ್ಟೇನರ್ ಹಾಕಿ ನಾನೇ ಮಾಡಿಕೊಡುತ್ತೇನೆ" ಎಂದು ಪೇಂಟರ್ ಹೇಳಿದರೆ ಒಪ್ಪಬೇಡಿ. ಆರು ತಿಂಗಳ ನಂತರ ಟಚಪ್ ಮಾಡಲು ಆ ಬಣ್ಣ ಮತ್ತೆ ಹುಟ್ಟುವುದಿಲ್ಲ. ಡಿಸ್ಟೆಂಪರ್ ಕೂಡ ಬೇಡ, ಮಕ್ಕಳ ಶಾಲೆಯ ಬ್ಯಾಗು ಉಜ್ಜಿದಲ್ಲೆಲ್ಲ ಪುಡಿ ಉದುರುತ್ತದೆ.

7. ಬಳಿಯುವ ಕ್ರಮ

ಸೀಲಿಂಗ್, ಗೋಡೆ, ಕೊನೆಗೆ ಮರ. ಬಾತ್‌ರೂಮಿಗೆ ಹೊಂದಿದ ಗೋಡೆಯಲ್ಲಿ ಲೀಕೇಜ್ ಇದ್ದರೆ ಅದನ್ನು ಸರಿಮಾಡಿಸದೆ ಡಬ್ಬಿ ತೆರೆಯಬೇಡಿ. ಚೌತಿಗೆ ಮುಂಚೆ ಮುಗಿಸಬೇಕೆಂದು ಮಳೆಗಾಲದಲ್ಲೇ ಶುರು ಮಾಡುವ ಮನೆಗಳು ಬಹಳ. ಆ ತೇವದಲ್ಲಿ ಪುಟ್ಟಿ ಒಣಗುವುದಿಲ್ಲ, ಅದರ ಮೇಲಿನ ಬಣ್ಣ ಗುಳ್ಳೆ ಏಳುತ್ತದೆ. ಮಳೆಗೆ ಮುಂಚೆ ಆಗದಿದ್ದರೆ ಚೌತಿಗೆ ಬಾಗಿಲನ್ನಷ್ಟೇ ಒರೆಸಿ ತೋರಣ ಕಟ್ಟಿ, ಗೋಡೆ ದೀಪಾವಳಿಯವರೆಗೆ ಕಾಯಲಿ. ಉಳಿದ ಬಣ್ಣವನ್ನು ಸಣ್ಣ ಗಾಜಿನ ಬಾಟಲಿಗೆ ಬಾಯಿತನಕ ತುಂಬಿ, ಡಬ್ಬಿಯ ಮುಚ್ಚಳದ ಕೋಡ್ ಚೀಟಿಯನ್ನು ಅದರ ಮೇಲೆಯೇ ಅಂಟಿಸಿ ಲಾಫ್ಟಿನಲ್ಲಿಡಿ.