ಸಣ್ಣ ಕೊಪ್ಪರಿಗೆ, ಮೂವರು ಹಳೆಯ ಗೆಳೆಯರು: ಹೈಡ್ರೋಸ್ ಇಲ್ಲದ ಬೆಲ್ಲಕ್ಕೆ ದುಡ್ಡು ಬಂದ ಬಗೆ

ಮುಧೋಳ, ಮಹಾಲಿಂಗಪುರದ ಕಡೆಯವರಿಗೆ ಗಾಣ ಹೊಸದಲ್ಲ. ರಸ ಹಿಂಡುವುದು, ಮಡ್ಡಿ (ಕಾಯುವ ರಸದ ಮೇಲೆ ಎದ್ದುಬರುವ ಕೊಳೆ) ತೆಗೆಯುವುದನ್ನೆಲ್ಲ ಅ ಆ ಇ ಈಯಿಂದ ಹೇಳಲು ಕೂರುವುದಿಲ್ಲ. ಅರವತ್ತೈದರ ಆಚೀಚೆಯ ನಾವು ಮೂವರು, ಕನ್ನಡ ಸಾಲಿಯಲ್ಲಿ ಒಂದೇ ಹಾಸಿನ ಮೇಲೆ ಕೂತವರು, ಬೆಲ್ಲದ ಬಣ್ಣ ತಿಳಿಮಾಡುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕದೆ, ಹನ್ನೆರಡು ಆಳಿನ ಗಾಣವನ್ನು ಐದು ಜನರ ಗಾಣ ಮಾಡಿಕೊಂಡದ್ದು ಹೇಗೆ, ಅಷ್ಟನ್ನೇ ಬರೆಯುತ್ತೇನೆ. ಮೊದಲ ಎರಡು ಹಂಗಾಮು ಲುಕ್ಸಾನು. ಮೂರನೆಯದು ಸರಿಸಮ. ನಾಲ್ಕನೆಯದರಲ್ಲಿ ಕೈಗೆ ದುಡ್ಡು ಬಂತು. 'ಕಬ್ಬು ಫ್ಯಾಕ್ಟರಿಗೆ ಕಳಿಸಿ ಆರಾಮ ಇರ್ರಿ ಅಪ್ಪಾ' ಎನ್ನುತ್ತಿದ್ದ ಮಕ್ಕಳೇ ಈಗ ಬೆಲ್ಲದ ಡಬ್ಬಿಗೆ ಚೀಟಿ ಅಂಟಿಸಿಕೊಡುತ್ತಾರೆ.

ಎಲ್ಲಕ್ಕೂ ಮೂಲ ಕೊಪ್ಪರಿಗೆಯ ಅಳತೆ. ನಮ್ಮ ಕಡೆ ಒಂದು ಅಡುಗೆಗೆ, ಅಂದರೆ ಒಂದು ಸಲದ ಪಾಕಕ್ಕೆ, ಎಂಟುನೂರು, ಸಾವಿರ ಲೀಟರ್ ರಸ ಕಾಯಿಸುವುದು ರೂಢಿ. ಅದನ್ನು ಇಳಿಸಲು ಆರು ಗಟ್ಟಿ ತೋಳು ಬೇಕು. ನಾವು 300 ಲೀಟರಿನದು ಮಾಡಿಸಿದೆವು. ಅರ್ಧ ಟನ್ ಕಬ್ಬು, 300 ಲೀಟರ್ ರಸ, ಎರಡು ತಾಸು ಬೆಂಕಿ, 50ರಿಂದ 54 ಕೆಜಿ ಬೆಲ್ಲ. ದಿನಕ್ಕೆ ಎರಡೇ ಅಡುಗೆ. ಮೂರನೆಯದಕ್ಕೆ ಕೈ ಹಾಕಿದ ದಿನ ಸಂಜೆಯ ಬೆಲ್ಲ ಕೆಟ್ಟಿದೆ, ಮರುದಿನ ಒಬ್ಬರಾದರೂ ಮಲಗಿದ್ದಾರೆ. ಆ ಆಸೆ ಬಿಟ್ಟೆವು.

ಕೊಪ್ಪರಿಗೆ ಎತ್ತುವ ಕಷ್ಟ ತಪ್ಪಿಸಲು ಮೊದಲು ತಳಕ್ಕೊಂದು ನಲ್ಲಿ ಬೆಸೆಸಿದ್ದೆವು. ಯಾರೂ ಆ ತಪ್ಪು ಮಾಡಬೇಡಿ. ನಲ್ಲಿಯ ಕುತ್ತಿಗೆಯಲ್ಲಿ ಪಾಕ ಗಟ್ಟಿಯಾಗಿ ಕೂತಿತು, ಮೇಲಿನದು ಇಳಿಯಲಿಲ್ಲ, ನೋಡನೋಡುತ್ತ ಇಡೀ ಅಡುಗೆ ಸೀದು ಕರಿಯಾಯಿತು. ಮಾಡಿಸಿದ ಮೂರು ಸಾವಿರ ಹೋಯಿತು, ಬಿಚ್ಚಿಸಿ ಮುಚ್ಚಿಸಲು ಮತ್ತೆ ಒಂದು ಸಾವಿರ. ಆಮೇಲೆ ಮೇಲಿನ ತೊಲೆಗೆ ಒಂದು ಟನ್ನಿನ ಚೈನ್ ಪುಲ್ಲಿ ಹಾಕಿದೆವು, ಸುಮಾರು 6,000. ಒಬ್ಬ ಸರಪಳಿ ಎಳೆಯುತ್ತಾನೆ, ಇನ್ನೊಬ್ಬ ಕಿವಿ ಹಿಡಿದು ತಣಿಸುವ ತೊಟ್ಟಿಯ ಕಡೆ ವಾಲಿಸುತ್ತಾನೆ. ಸೊಂಟಕ್ಕೆ ಏನೂ ಭಾರವಿಲ್ಲ. ಗಾಣಕ್ಕೆ ಹಾಕಿದ ದುಡ್ಡಿನಲ್ಲಿ ಇಷ್ಟು ಬಡ್ಡಿ ಕೊಟ್ಟದ್ದು ಬೇರೊಂದಿಲ್ಲ.

ಹದ ನೋಡುವುದು ಎರಡನೆಯ ಪಾಠ. ಹಿರಿಯರು ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಗುಂಡು ಮಾಡಿ, ಕೊಪ್ಪರಿಗೆಯ ಅಂಚಿಗೆ ಹೊಡೆದು 'ಟಣ್' ಅಂದರೆ ಇಳಿಸುತ್ತಿದ್ದರು. ನಮ್ಮ ವಯಸ್ಸಿಗೆ ಆ ಸದ್ದು ಸರಿಯಾಗಿ ಕೇಳುವುದಿಲ್ಲ, ಗಾಣದ ಗದ್ದಲದಲ್ಲಂತೂ ಇಲ್ಲವೇ ಇಲ್ಲ. ಮೊದಲ ವರ್ಷ ಹತ್ತರಲ್ಲಿ ಮೂರು ಅಡುಗೆ ಮೆತ್ತಗಾದದ್ದು ಇದರಿಂದಲೇ. ಉದ್ದ ಕಡ್ಡಿಯ ಥರ್ಮಾಮೀಟರ್ ತಂದೆವು. ಪೆಂಟಿಗೆ (ಗಟ್ಟಿ ಬೆಲ್ಲದ ಉಂಡೆಗೆ) 118 ಡಿಗ್ರಿ ಸೆಲ್ಸಿಯಸ್, ಪುಡಿಗೆ 121, 122, ಕಾಕವಿಗೆ (ನೀರು ಬೆಲ್ಲಕ್ಕೆ) 105ರ ಹತ್ತಿರ. ಕಡ್ಡಿ ಪಾಕದ ನಡುವೆ ತೂಗಬೇಕು. ತಳಕ್ಕೆ ತಾಗಿದರೆ ಮೂರು ನಾಲ್ಕು ಡಿಗ್ರಿ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಇಳಿಸಿದರೆ ಬೆಲ್ಲ ಎರಡೇ ದಿನಕ್ಕೆ ಬೆವರುತ್ತದೆ. 112 ದಾಟಿದ ಮೇಲೆ ಒಲೆಗೆ ಹೊಸ ಸಿಪ್ಪಿ (ರಸ ಹಿಂಡಿ ಉಳಿದ ಕಬ್ಬು) ಹಾಕಬೇಡಿ, ಇದ್ದ ಕೆಂಡದಲ್ಲೇ ಮುಗಿಸಿ. ಕೊನೆಯ ಐದು ಡಿಗ್ರಿ ಬಹಳ ಬೇಗ ಏರುತ್ತವೆ, ಆಗ ಯಾರೂ ಜಾಗ ಬಿಟ್ಟು ಕದಲಬಾರದು.

ನಾವು ಮೂವರು ಕೆಲಸ ಹಂಚಿಕೊಂಡದ್ದು ಅವರವರ ಮೈ ನೋಡಿ. ಬಿಪಿ ಇರುವ ಗೌಡರು ಒಲೆಯ ಬಾಯಿಗೆ ಕೂರುವುದಿಲ್ಲ, ಕಬ್ಬು ತೂಗಿಸುವುದು, ಸೋಸುವುದು ಅವರದು. ಕಣ್ಣಿನ ಪೊರೆ ತೆಗೆಸಿಕೊಂಡ ಮಾಸ್ತರರಿಗೆ ಹೊಗೆ ಆಗದು, ಮಡ್ಡಿ ತೆಗೆಯುವ ಬದಲು ಅಚ್ಚು ಮತ್ತು ಲೆಕ್ಕ. ನನಗೆ ಸಕ್ಕರೆ ಕಾಯಿಲೆ, ಹದ ನೋಡುತ್ತೇನೆ, ರುಚಿ ನೋಡುವುದು ಗೌಡರು. ಒಲೆಗೂ ಗಾಣಕ್ಕೂ ಇಬ್ಬರು ಆಳು, ತಲಾ 600 ಪಗಾರ. ಈ ಇಬ್ಬರ ಪಗಾರ ಉಳಿಸಲು ಹೋದರೆ ಆ ದುಡ್ಡು ದವಾಖಾನೆಗೆ ಹೋಗುತ್ತದೆ.

ಇನ್ನು ಬಣ್ಣ. ಹೈಡ್ರೋಸ್ ಹಾಕದ ಮಾಲನ್ನು ಪೇಟೆಗೆ ಒಯ್ದಾಗ 'ಈ ಕರಿ ಮಾಲು ಯಾರ ತಗೋತಾರ್ರೀ' ಎಂದು ಕೆಜಿಗೆ ನಾಲ್ಕು ರೂಪಾಯಿ ಮುರಿದರು. ಆದರೆ ಕಪ್ಪಾಗುವುದು ಹೈಡ್ರೋಸ್ ಇಲ್ಲದ್ದಕ್ಕಲ್ಲ, ಕಬ್ಬು ಮತ್ತು ಮಡ್ಡಿಯಿಂದ. ಸವಳು ಹೊಲದ ಕಬ್ಬು ಬೇಡವೇ ಬೇಡ, ಬೆಲ್ಲ ಉಪ್ಪಾಗಿ ಅಂಟುತ್ತದೆ. ಕಬ್ಬಿನ ತಳಿಗಳಲ್ಲಿ 265ನ್ನು ಫ್ಯಾಕ್ಟರಿಗೆ ಕಳಿಸಿ, ಗಾಣಕ್ಕೆ 86032 ಇಲ್ಲವೆ 671 ಇಡಿ. 671ರ ಬೆಲ್ಲಕ್ಕೆ ಸಾಟಿಯಿಲ್ಲ, ಕೆಂಪು ಕೊಳೆ ರೋಗದ ಭಯವಿದೆ ಅಷ್ಟೇ. ಯೂರಿಯಾ ತಡವಾಗಿ ಕೊಟ್ಟ ಕಬ್ಬು ಎಷ್ಟೇ ದಪ್ಪವಿದ್ದರೂ ಬೆಲ್ಲ ಕಪ್ಪು, ಮೆತ್ತಗೆ. ಕಡಿದ ದಿನವೇ ಹಿಂಡಬೇಕು. ರವದಿ (ಒಣ ಎಲೆ) ಬೇರೆಮಾಡಿ, ತುದಿಯ ಎರಡು ಮೂರು ಗಣ್ಣು ಕಡಿದು ಬಿಸಾಕಬೇಕು. ಎರಡನೆಯ ವರ್ಷ ರಾತ್ರಿ ಥ್ರೀ ಫೇಜ್ ಬಂದಾಗ ಹಿಂಡಿಟ್ಟು ಬೆಳಿಗ್ಗೆ ಕಾಯಿಸಿದೆವು. ರಸ ಹುಳಿ ಹಿಡಿದಿತ್ತು. ಬೆಲ್ಲ ಗಟ್ಟಿಯಾಗದೆ ಎರಡು ಕ್ವಿಂಟಲ್ ದನಕ್ಕೆ ಹೋಯಿತು. ಈಗ ಕರೆಂಟಿನ ಹೊತ್ತಿಗೆ ನಾವೇ ಹೊಂದಿಕೊಳ್ಳುತ್ತೇವೆ: ಹಿಂಡಿ ಮುಗಿಯುವಷ್ಟರಲ್ಲಿ ಒಲೆ ಹೊತ್ತಿರಬೇಕು, ನಸುಕಿನ ಮೂರಾಗಿದ್ದರೂ ಸರಿ.

ಸುಣ್ಣದ ಹಾಲನ್ನು ಅಂದಾಜಿಗೆ ಸುರಿಯಬೇಡಿ. ಪಿಎಚ್ ಪಟ್ಟಿಯ ಪುಸ್ತಕ ನೂರು ಇನ್ನೂರಕ್ಕೆ ಸಿಗುತ್ತದೆ. ಹಿಂಡಿದ ರಸ 5.2, 5.4 ಇರುತ್ತದೆ, 6.2ಕ್ಕೆ ಬಂದಾಗ ನಿಲ್ಲಿಸಿ. ಹೆಚ್ಚಾದರೆ ಸುಣ್ಣವೇ ಬಣ್ಣ ಕೆಡಿಸುತ್ತದೆ. ಬೆಂಡಿಯ ಕಾಂಡ, ಬೇರು ಜಜ್ಜಿ ನೀರಲ್ಲಿ ನೆನೆಹಾಕಿ ಹಿಸುಕಿದ ಲೋಳೆ ಒಂದು ಅಡುಗೆಗೆ ಮುಕ್ಕಾಲು ಕೆಜಿ ಕಾಂಡದ್ದು ಸಾಕು. ಅದನ್ನು ಒಮ್ಮೆಲೇ ಹಾಕುವುದಿಲ್ಲ. ಎಷ್ಟು ಸಲ, ಯಾವ್ಯಾವ ಹೊತ್ತಿಗೆ ಎಂಬುದು ನಮ್ಮ ಗಾಣದ ಗುಟ್ಟು, ಅದು ನಮ್ಮಲ್ಲೇ ಇರಲಿ. ರಸ ಕುದಿ ಹಿಡಿಯುವ ಮೊದಲೇ ಮಡ್ಡಿ ಪೂರ್ತಿ ಬರಬೇಕು, ಕುದಿ ಬಂದ ಮೇಲೆ ಅದು ಒಡೆದು ಒಳಗೇ ಸೇರುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ಹೀಗೆ ಮಾಡಿದ ಬೆಲ್ಲ ಹಳದಿಯಲ್ಲ, ಜೇನಿನ ಬಣ್ಣ. ಪೆಂಟಿ ಒಡೆದರೆ ಒಳಗೆ ಹರಳು ಮಿಂಚುತ್ತದೆ. ಆ ಬಣ್ಣ ಇಷ್ಟು ಸ್ವಚ್ಛವಾಗಿ ನಮ್ಮ ಸುತ್ತಿನ ಬೇರೆ ಗಾಣದಲ್ಲಿ ನಾನಂತೂ ನೋಡಿಲ್ಲ.

ಬೆಂಡಿ ಸಿಗದ ತಿಂಗಳು ಲೋಳೆಸರ ಹಾಕಿ ನೋಡಿದೆವು. ಮಡ್ಡಿ ಬರುತ್ತದೆ, ಆದರೆ ಸ್ವಲ್ಪ ಹೆಚ್ಚಾದರೂ ನಾಲಿಗೆಗೆ ಕಹಿ ತಾಗುತ್ತದೆ. ನೆನೆಸಿ ರುಬ್ಬಿದ ಶೇಂಗಾ ಹಾಲೂ ಮಡ್ಡಿ ಎತ್ತುತ್ತದೆ, ವಾಸನೆ ಉಳಿಯುತ್ತದೆ. ಶುಂಠಿ, ಯಾಲಕ್ಕಿ ಹಾಕಿದ ಸಣ್ಣ ತುಂಡು ಸಂಕ್ರಮಣಕ್ಕೆ ಚೆನ್ನಾಗಿ ಹೋದವು. ಶುಂಠಿಯನ್ನು ಒಣಗಿಸಿ ಪುಡಿ ಮಾಡಿ, ಇಳಿಸಿದ ಮೇಲೆ ಬೆರೆಸಬೇಕು. ಹಸಿ ಶುಂಠಿ ಹಾಕಿದ ಒಂದು ಅಡುಗೆಗೆ ಹದಿನೈದು ದಿನಕ್ಕೇ ಬೂಸಲು ಬಂತು. ಕಾಕವಿಗೆ ಲಿಂಬಿಹುಳಿ ಹಿಂಡಿದರೆ ಬಾಟಲಿಯ ತಳಕ್ಕೆ ಹರಳು ಕಟ್ಟುವುದಿಲ್ಲ. ಹೋಳಿಗೆ, ರೊಟ್ಟಿ ಜೊತೆ ತಿನ್ನಲು ಪುಣೆ ಕಡೆ ಇರುವ ನಮ್ಮ ಊರ ಮಕ್ಕಳೇ ಅದಕ್ಕೆ ದೊಡ್ಡ ಗಿರಾಕಿ.

ದುಡ್ಡಿನ ಮಾತು. ಹಳೆಯ ಗಾಣ 85,000, ಏಳೂವರೆ ಎಚ್‌ಪಿ ಮೋಟಾರು, ಕೊಪ್ಪರಿಗೆ, ಒಲೆ, ತಗಡಿನ ನೆರಳು ಸೇರಿ ನೆನಪಿರುವಂತೆ 1 ಲಕ್ಷ 80 ಸಾವಿರ. ತಲಾ 60 ಸಾವಿರ ಹಾಕಿದೆವು. ಸಾಲ ಇಲ್ಲ, ಮಕ್ಕಳಿಂದಲೂ ಇಲ್ಲ. ಆಗಿನ ದರದಲ್ಲಿ ದಿನದ ಲೆಕ್ಕ ಹೀಗಿತ್ತು: ಒಂದು ಟನ್ ಕಬ್ಬು ಫ್ಯಾಕ್ಟರಿ ದರದಲ್ಲಿ 3,200, ಆಳು 1,200, ಕರೆಂಟು, ಸುಣ್ಣ, ಚೀಲ 400. ಒಟ್ಟು 4,800. ಬೆಲ್ಲ 104 ಕೆಜಿ. ಪೇಟೆಯ 42ಕ್ಕೆ ಮಾರಿದರೆ 4,400ರೊಳಗೆ, ಮೈಮುರಿದು ದುಡಿದೂ ನಷ್ಟ. ಮನೆಮನೆಗೆ 80ರಂತೆ ಮಾರಿದರೆ 8,300. ಎರಡು ವರ್ಷ ಪೇಟೆಯ ಬಾಗಿಲಲ್ಲಿ ಕೂತದ್ದೇ ನಮ್ಮ ದೊಡ್ಡ ತಪ್ಪು. ನಮ್ಮ ಅಳತೆಯ ಗಾಣಕ್ಕೆ ಪೇಟೆ ಅಲ್ಲವೇ ಅಲ್ಲ. ಅರ್ಧ ಕೆಜಿ, ಒಂದು ಕೆಜಿ ಅಚ್ಚು ಮಾಡಿ, ಪಂಚಮಿ, ದೀಪಾವಳಿ, ಸಂಕ್ರಮಣಕ್ಕೆ ಮೊದಲೇ ಹೆಸರು ಬರೆಸಿಕೊಂಡು ಕೊಡಬೇಕು. ಪಂಚಮಿಯ ಮಾಲು ಮಾರ್ಚ್‌ನಲ್ಲೇ ಮಾಡಿ ಕಾಗದ ಸುತ್ತಿ ಒಣ ಕೋಣೆಯಲ್ಲಿಡಿ. ಮಳೆಗಾಲದ ಗಾಳಿ ತಾಗಿದರೆ ಕರಗುತ್ತದೆ.

ಗೆಳೆತನ ಕೆಡುವುದು ಈ ಲೆಕ್ಕದಲ್ಲೇ. ಮೊದಲ ವರ್ಷ ಬಂದದ್ದನ್ನು ಮೂರು ಸಮಪಾಲು ಮಾಡುತ್ತಿದ್ದೆವು. ಒಬ್ಬ ಮಗಳ ಬಾಣಂತನಕ್ಕೆ ತಿಂಗಳು ಹೋದ, ಇನ್ನೊಬ್ಬ ಆಸ್ಪತ್ರೆಯಲ್ಲಿ. ಯಾರೂ ಬಾಯಿ ಬಿಡಲಿಲ್ಲ, ಆದರೆ ಚಾ ಕುಡಿಯುವಾಗಿನ ಮಾತು ಕಡಿಮೆಯಾಯಿತು. ಐವತ್ತು ವರ್ಷದ ಸಲಿಗೆ ಅದು, ಎದೆಗೆ ತಾಗಿತು. ಈಗ ಕಬ್ಬು ಯಾರದೋ ಅವರಿಗೆ ತೂಕದ ದಿನವೇ ದುಡ್ಡು. ನಾವು ಮೂವರೂ ಬಂದ ದಿನಕ್ಕೆ 300 ಪಗಾರ ಹಚ್ಚಿಕೊಳ್ಳುತ್ತೇವೆ, ಬಾರದ ದಿನಕ್ಕಿಲ್ಲ. ಉಳಿದದ್ದರಲ್ಲಿ ನಾಲ್ಕು ಪಾಲು, ಮೂರು ನಮಗೆ, ಒಂದು ಗಾಣಕ್ಕೆ. ರಿಪೇರಿ, ಹೊಸ ಅಚ್ಚು ಎಲ್ಲ ಆ ನಾಲ್ಕನೆಯ ಪಾಲಿನಿಂದ, ಯಾರೂ ಕಿಸೆಗೆ ಕೈ ಹಾಕುವಂತಿಲ್ಲ. ಪ್ರತಿ ಶನಿವಾರ ಮಾಸ್ತರರು ಕಿರ್ದಿ ಓದುತ್ತಾರೆ, ಮೂವರ ಸಹಿ. ಬೀಗರು, ಅಳಿಯಂದಿರು, ಯಾರೇ ಇರಲಿ ಉದ್ರಿ ಇಲ್ಲ. ಅದಕ್ಕೆ ಬದಲು ಪ್ರತಿ ಮನೆಗೆ ಹಂಗಾಮಿಗೆ 25 ಕೆಜಿ ಪುಕ್ಕಟೆ, ಯಾರಿಗೆ ಕೊಡಬೇಕೆಂಬುದು ಆ ಮನೆಯ ಹೆಂಗಸರ ಇಷ್ಟ. ಈ ಒಂದು ನಿಯಮ ಮೂರೂ ಮನೆಯವರ ಬೇಸರ ಕಳೆಯಿತು.

ಮಾರ್ಚ್ ಕೊನೆಗೆ ಗಾಣ ನಿಲ್ಲಿಸುತ್ತೇವೆ, ಆಮೇಲಿನ ಬಿಸಿಲಿಗೆ ಒಲೆಯ ಮುಂದೆ ಕೂರುವ ವಯಸ್ಸಲ್ಲ. ಕೊಪ್ಪರಿಗೆಯನ್ನು ಹುಣಸಿಹಣ್ಣಿನಿಂದ ತಿಕ್ಕಿ, ಬಿಸಿನೀರಲ್ಲಿ ತೊಳೆದು, ಒರೆಸಿ, ಶೇಂಗಾ ಎಣ್ಣೆ ಸವರಿ ಬೋರಲು ಹಾಕಬೇಕು. ಗಾಣದ ರೋಲಿನ ಹಲ್ಲಿಗೆ ಗ್ರೀಸ್ ತುಂಬಿ ಗೋಣಿಚೀಲ ಸುತ್ತಬೇಕು. ಒಣಗಿದ ಸಿಪ್ಪಿ ಎರಡು ಗಾಡಿಯಷ್ಟು ಮಳೆ ತಾಗದ ಕಡೆ ಎತ್ತಿಡಿ, ಅಕ್ಟೋಬರಿನ ಮೊದಲ ಅಡುಗೆಗೆ ಹಸಿ ಸಿಪ್ಪಿ ಹೊತ್ತುವುದಿಲ್ಲ.