‘ಅರಳು ಮರಳು’ ಅಂದು ಬಿಡಬೇಡಿ: ಅಲ್ಝೈಮರ್ಸ್ ಬಗ್ಗೆ ವೈದ್ಯರ ಹತ್ತಿರ ಮಾತಾಡುವುದು ಹೇಗೆ?

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ನಲವತ್ತು ವರ್ಷ ಸಾರು ಮಾಡಿದ ಅಮ್ಮ ಒಲೆ ಮುಂದೆ ನಿಂತು ಮುಂದೇನು ಎಂದು ತೋಚದೆ ನೋಡುತ್ತಿದ್ದರೆ? ದಿನಾ ಹೋಗುವ ಹಾಲಿನ ಬೂತಿನಿಂದ ವಾಪಸ್ ಬರಲು ಅಪ್ಪನಿಗೆ ದಾರಿ ತಿಳಿಯದಿದ್ದರೆ? ಆಗ ‘ಅರವತ್ತಕ್ಕೆ ಅರಳು ಮರಳು’ ಅಂದು ಸುಮ್ನೆ ಕೂರುವ ಹಾಗಿಲ್ಲ. ಅದು ನೆನಪು, ಯೋಚನೆಯನ್ನು ಕುಂದಿಸುವ ಮಿದುಳಿನ ರೋಗ ಅಲ್ಝೈಮರ್ಸ್ ಇರಬಹುದು.

ಮೊದಲು ಒಂದು ನೋಟ್‌ಬುಕ್ ಇಡಿ. ‘ಮರೆವು ಜಾಸ್ತಿ ಆಗಿದೆ’ ಎಂದರೆ ವೈದ್ಯರಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ‘ಊಟ ಆಯ್ತಾ ಅಂತ ಅರ್ಧ ಗಂಟೆಯಲ್ಲಿ ಐದು ಸಲ ಕೇಳಿದರು’ ಎಂದು ತಾರೀಕು ಹಾಕಿ ಬರೆಯಿರಿ. ಯಾವಾಗ ಶುರುವಾಯಿತು ಎಂಬುದೂ ಇರಲಿ. ಅಲ್ಝೈಮರ್ಸ್ ಸಾಮಾನ್ಯವಾಗಿ ನಿಧಾನಕ್ಕೆ ಬರುತ್ತದೆ. ಒಂದೆರಡು ದಿನದಲ್ಲೇ ಗೊಂದಲ ಶುರುವಾದರೆ ಸೋಂಕೋ, ಪಾರ್ಶ್ವವಾಯುವೋ ಇರಬಹುದು. ನೋಟ್‌ಬುಕ್ ಬಿಡಿ, ಕೂಡಲೇ ಆಸ್ಪತ್ರೆಗೆ ಓಡಿ.

ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ನಿದ್ದೆ ಮಾತ್ರೆಯೂ, ಕೆಲವು ಅಲರ್ಜಿ ಮಾತ್ರೆಗಳೂ ಮಂಕು ಕವಿಸುತ್ತವೆ. ಮರೆವಿಗೆ ಬೇರೆ ಕಾರಣ ಇದೆಯಾ ಎಂದು ತಿಳಿಯಲು ಥೈರಾಯ್ಡ್ ಮತ್ತು ವಿಟಮಿನ್ ಬಿ12 ಪರೀಕ್ಷೆ ಆಗಿದೆಯಾ ಎಂದು ಕೇಳಿ. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ಜಾಸ್ತಿ. ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ.

ಇವತ್ತು ಯಾವ ವಾರ, ನೂರರಿಂದ ಏಳು ಕಳೆಯಿರಿ, ಈ ಚಿತ್ರ ಬರೆಯಿರಿ: ನೆನಪು, ಯೋಚನೆ ಹೇಗಿದೆ ಎಂದು ನೋಡಲು ವೈದ್ಯರು ಮಾಡುವ ಮೂವತ್ತು ಅಂಕದ ಪರೀಕ್ಷೆ ಹೀಗಿರುತ್ತದೆ. ಶಾಲೆಗೆ ಹೋಗದ ಅಜ್ಜಿಗೆ ರೋಗ ಇಲ್ಲದಿದ್ದರೂ ಅಂಕ ಕಡಿಮೆ ಬರಬಹುದು. ಅವರು ಎಷ್ಟು ಓದಿದ್ದಾರೆ, ಮನೆಮಾತು ಯಾವುದು ಎಂಬುದನ್ನು ನೀವಾಗಿಯೇ ಹೇಳಿ. ಕನ್ನಡದಲ್ಲೇ ಕೇಳಿ ಎನ್ನಲು ಸಂಕೋಚ ಬೇಡ.

‘ಡಿಮೆನ್ಶಿಯಾ’ ಎಂದರೆ ಜ್ವರ ಎಂದ ಹಾಗೆ, ಅದು ಲಕ್ಷಣಗಳ ಹೆಸರು. ಅದಕ್ಕೆ ಕಾರಣವಾಗುವ ರೋಗಗಳಲ್ಲಿ ಅಲ್ಝೈಮರ್ಸ್ ಎಲ್ಲಕ್ಕಿಂತ ಸಾಮಾನ್ಯ. ಹಾಗಾಗಿ ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ಇದು ಯಾವ ಬಗೆಯದು? ಯಾವ ಆಧಾರದ ಮೇಲೆ ಹೇಳುತ್ತಿದ್ದೀರಿ? ಈಗ ಯಾವ ಹಂತ?

ಅಲ್ಝೈಮರ್ಸ್‌ಗೆ ಕೊಡುವ ಡೊನೆಪೆಜಿಲ್ ಎಂಬ ಮಾತ್ರೆ ಬರೆದುಕೊಟ್ಟರೆ, ಅದು ರೋಗ ವಾಸಿ ಮಾಡುವುದಿಲ್ಲ ಎಂಬುದು ಗೊತ್ತಿರಲಿ. ಕೆಲವರಿಗೆ ಸ್ವಲ್ಪ ಕಾಲ ದಿನದ ಕೆಲಸ ಸಲೀಸಾಗುತ್ತದೆ, ಅಷ್ಟೇ. ವಾಕರಿಕೆ, ಭೇದಿ ಆಗಬಹುದು, ನಾಡಿ ಬಡಿತವೂ ನಿಧಾನವಾಗಬಹುದು. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ.

ಇಷ್ಟೆಲ್ಲ ಮಾತಾಡುವಾಗ ನಾವು ಮಾಡುವ ದೊಡ್ಡ ತಪ್ಪು ಒಂದಿದೆ. ಪಕ್ಕದಲ್ಲೇ ಕೂತ ಅಪ್ಪನನ್ನು ಬಿಟ್ಟು ‘ಇವರಿಗೆ ಏನೂ ನೆನಪಿರಲ್ಲ ಡಾಕ್ಟ್ರೇ’ ಎನ್ನುತ್ತೇವೆ. ಅವರಿಗೆ ಕೇಳಿಸುತ್ತದೆ, ಅಲ್ವಾ? ಮೊದಲು ಅವರೇ ಮಾತಾಡಲಿ, ಆಮೇಲೆ ನೋಟ್‌ಬುಕ್ ತೆಗೆಯಿರಿ. ಬ್ಯಾಂಕು, ವಿಲ್ಲು, ಮುಂದೆ ಯಾರ ಮನೆಯಲ್ಲಿ ಇರುವುದು ಎಂಬ ಮಾತನ್ನೂ ಅವರಿಗೆ ತಿಳಿಯುವ ಈ ಹಂತದಲ್ಲೇ, ಅವರನ್ನು ಕೂರಿಸಿಕೊಂಡೇ ಆಡಿ. ಸಂಜೆಯಾದಂತೆ ಹಲವರಿಗೆ ಗೊಂದಲ ಹೆಚ್ಚುತ್ತದೆ, ಹಾಗಾಗಿ ಕಾಫಿ ಕುಡಿದ ಮೇಲೆ, ಬೆಳಗ್ಗೆಯೇ ಕೂತರೆ ಒಳ್ಳೆಯದು.